ಪೋರ್ಕ್ ರಿಬ್ಸ್ ಗ್ರಿಲ್ ಮಾಡುವ ಕ್ರಮ: ಮೊದಲು ಮಾಂಸ ಬೇಯಲಿ, ಬೆಲ್ಲ-ಹುಣಸೆ ಪಾಕ ಆಮೇಲೆ

ದೂರು ಯಾವಾಗಲೂ ಒಂದೇ. ಹೊರಗೆಲ್ಲ ಕರ್ರಗೆ ಸುಟ್ಟಿದೆ, ಒಳಗೆ ಕಚ್ಚಿ ಎಳೆದರೂ ಎಲುಬು ಬಿಡುತ್ತಿಲ್ಲ, ಬಾಯಿಗಿಟ್ಟರೆ ಕಹಿ. ಮಸಾಲೆ ಬದಲಿಸಿ ನೋಡುತ್ತಾರೆ, ಇದ್ದಿಲು ಬದಲಿಸುತ್ತಾರೆ, ಮತ್ತೆ ಅದೇ ಕಥೆ.

ತಪ್ಪು ಮಸಾಲೆಯಲ್ಲಿಲ್ಲ, ಕ್ರಮದಲ್ಲಿದೆ. ಬೆಲ್ಲವೋ ಜೇನೋ ಬೆರೆಸಿದ ಸಾಸನ್ನು ಹಸಿ ಮಾಂಸಕ್ಕೇ ಮೆತ್ತಿ, ಕೆಂಡದ ನೇರ ಮೇಲೆ ಇಟ್ಟುಬಿಡುತ್ತಾರೆ. ಸಕ್ಕರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಂದು ತಿರುಗುತ್ತದೆ, ಇನ್ನೂ ಸ್ವಲ್ಪ ಮೇಲೆ ಹೋದರೆ ಸುಟ್ಟು ಕಹಿಯಾಗುತ್ತದೆ. ಜೇನು ಇನ್ನೂ ಬೇಗ. ಕೆಂಡದ ಮೇಲಿನ ಜಾಲರಿ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಪಕ್ಕೆಯ ಮಾಂಸಕ್ಕಾದರೋ ಮೆತ್ತಗಾಗಲು ಮೂರು ಗಂಟೆ ಬೇಕು. ಐದು ನಿಮಿಷದಲ್ಲಿ ಸುಡುವುದನ್ನೂ ಮೂರು ಗಂಟೆ ಬೇಯುವುದನ್ನೂ ಒಟ್ಟಿಗೇ ಶುರು ಮಾಡಿದರೆ ಇನ್ನೇನಾಗುತ್ತದೆ?

ಆದ್ದರಿಂದ ಈ ಇಡೀ ಕೆಲಸದಲ್ಲಿ ನೆನಪಿಡಬೇಕಾದ್ದು ಒಂದು ಮಾತು. ಮಾಂಸ ಪೂರ್ತಿ ಬೇಯುವವರೆಗೆ ಸಿಹಿ ಅದರ ಹತ್ತಿರ ಸುಳಿಯಬಾರದು. ಪಾಕಕ್ಕೆ ಕೊನೆಯ 20 ನಿಮಿಷ ಸಾಕು.

ಕೆಳಗಿನ ಅಳತೆ ಒಂದೂವರೆ ಕೆಜಿಯ ಒಂದು ಪಕ್ಕೆಗೆ, ನಾಲ್ಕೈದು ಜನಕ್ಕೆ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ಮುಚ್ಚಳ ಇರುವ ಗ್ರಿಲ್ ಬೇಕೇ ಬೇಕು. ತೆರೆದ ಒಲೆಯ ಮೇಲೆ ಚಿಕನ್ ಕಬಾಬ್ ಆಗುತ್ತದೆ, ರಿಬ್ಸ್ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ದುಂಡನೆಯ ಕೆಟಲ್ ಗ್ರಿಲ್ ಆದೀತು. ದಾವಣಗೆರೆಯಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. 200 ಲೀಟರ್ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕೀಲು ಹಾಕಿಸಿ, ಕಾಲು ಕೂರಿಸಿಕೊಂಡರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಕೆಳಗೆ ಒಂದು ತುದಿಯಲ್ಲಿ ಗಾಳಿಕಿಂಡಿ ಇಡಿಸಿ, ಅದರ ಎದುರು ತುದಿಯಲ್ಲಿ ಮುಚ್ಚಳದ ಮೇಲೆ ಹೊಗೆಕಿಂಡಿ. ಎರಡಕ್ಕೂ ತೆರೆದು ಮುಚ್ಚುವ ತಗಡು ಇರಲಿ. ಕಿಂಡಿ ಇಲ್ಲದ ಡ್ರಮ್ಮಿನಲ್ಲಿ ಕಾವು ನಿಮ್ಮ ಕೈಯಲ್ಲಿರುವುದಿಲ್ಲ.

ಡ್ರಮ್ ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಅಂತ ಕೇಳಿ. ಕೆಮಿಕಲ್ ಅಥವಾ ಕೀಟನಾಶಕ ತುಂಬಿದ್ದು ಎಷ್ಟು ತೊಳೆದರೂ ಬೇಡ. ಒಳಗೆ ಪೇಂಟ್ ಇದ್ದರೆ ಮಾಂಸ ಇಡುವ ಮೊದಲು ಎರಡು ಸಲ ಜೋರು ಬೆಂಕಿ ಹಾಕಿ ಸುಟ್ಟು ತಿಕ್ಕಿ. ಜಾಲರಿ ಸ್ಟೀಲಿನದ್ದು ಅಥವಾ ಬರೀ ಕಬ್ಬಿಣದ ಸರಳಿನದ್ದಾಗಿರಲಿ. ಹಾರ್ಡ್‌ವೇರ್ ಅಂಗಡಿಯ ಜಿಐ ಮೆಶ್ ಅಗ್ಗ ಅಂತ ತರಬೇಡಿ. ಅದಕ್ಕೆ ಸತುವಿನ ಲೇಪ ಇರುತ್ತದೆ. ಕೆಂಡದ ಕಾವಿಗೆ ಅದರಿಂದ ಏಳುವ ಹೊಗೆ ಒಳ್ಳೆಯದಲ್ಲ.

ಉಳಿದದ್ದು ಚಿಕ್ಕಪುಟ್ಟದು. ಉದ್ದ ಇಕ್ಕಳ, ಪಾಕ ಸವರಲು ಸಿಲಿಕಾನ್ ಬ್ರಷ್, ಹಳೇ ಸ್ಟೀಲ್ ತಟ್ಟೆ, ಫಾಯಿಲ್ ಹಾಳೆ, ಎರಡು ಬಾಳೆಲೆ, ಒಂದು ಬಕೆಟ್ ಮರಳು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಇಲ್ಲದೆಯೂ ನಡೆಯುತ್ತದೆ, ಆದರೆ ಮೊದಲ ಸಲ ಮಾಡುವವರು ತೆಗೆದುಕೊಳ್ಳಿ ಅನ್ನುವುದು ನನ್ನ ಮಾತು.

## ಹಂತ 1: ಪಕ್ಕೆ ತರುವುದು

ನಮ್ಮ ಕಡೆ ಹಂದಿ ಮಾಂಸದ ಅಂಗಡಿಯಲ್ಲಿ ಬಾಯಿ ತೆರೆಯುವ ಮೊದಲೇ ಮಚ್ಚು ಬಿದ್ದಿರುತ್ತದೆ. ಸಾರಿಗೆ, ಫ್ರೈಗೆ ಎಲ್ಲರೂ ಸಣ್ಣ ತುಂಡೇ ಕೇಳುವುದರಿಂದ ಪಕ್ಕೆಯೂ ಕೊರಡಿನ ಮೇಲೆ ನಾಲ್ಕೇಟಿಗೆ ಪುಡಿ. ಆ ತುಂಡುಗಳು ಗ್ರಿಲ್‌ಗೆ ಬರುವುದಿಲ್ಲ. ಎಲುಬಿನ ಚೂರು ಹಲ್ಲಿಗೆ ಸಿಗುತ್ತದೆ, ಮಾಂಸ ಒಣಗಿ ಹೋಗುತ್ತದೆ. ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ: "ಅಣ್ಣ, ಪಕ್ಕೆ ಇಡಿಯಾಗಿ ಬೇಕು, ಕೊಚ್ಚಬೇಡಿ. ಚರ್ಮ ತೆಗೆದು ಕೊಡಿ." ಭಾನುವಾರ ಹತ್ತು ಗಂಟೆ ಮೇಲೆ ಹೋಗಿ ಇದನ್ನು ಹೇಳಿದರೆ ಅವರಿಗೂ ಪುರುಸೊತ್ತಿರುವುದಿಲ್ಲ, ನಿಮಗೂ ಸಿಗುವುದಿಲ್ಲ.

ಬೆನ್ನೆಲುಬಿನ ಹತ್ತಿರದ ಪಕ್ಕೆ ಚಿಕ್ಕದು, ಬಾಗಿರುತ್ತದೆ, ನೆಣ ಕಡಿಮೆ, ಬೇಗ ಬೇಯುತ್ತದೆ. ಹೊಟ್ಟೆ ಕಡೆಯದು ಉದ್ದ, ಚಪ್ಪಟೆ, ನೆಣ ಜಾಸ್ತಿ. ನನ್ನ ಆಯ್ಕೆ ಹೊಟ್ಟೆ ಕಡೆಯದು. ಸ್ವಲ್ಪ ಹೆಚ್ಚು ಕಾದರೂ ಒಣಗುವುದಿಲ್ಲ. ಎಲುಬಿನ ಮೇಲೆ ಕನಿಷ್ಠ ಬೆರಳು ದಪ್ಪ ಮಾಂಸ ಇರಬೇಕು. ಎಲುಬು ಬೆಳ್ಳಗೆ ಹೊರಗೆ ಕಾಣುತ್ತಿದ್ದರೆ ಆ ಪಕ್ಕೆ ಬಿಡಿ.

ಅಪಾಯದ ಗುರುತು: ಮಾಂಸದ ಎಳೆಗಳ ನಡುವೆ ಜೋಳದ ಕಾಳಿನಷ್ಟು ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡ, ನೀರು ತುಂಬಿದಂಥ ಬಿಳಿ ಗುಳ್ಳೆಗಳು ಕಂಡರೆ ಕೊಳ್ಳಬೇಡಿ. ಅವು ಲಾಡಿಹುಳುವಿನ ಮರಿಗಳ ಚೀಲಗಳು. ನೆಣದ ಚುಕ್ಕೆಯನ್ನು ಬೆರಳಿನಲ್ಲಿ ಒತ್ತಿದರೆ ಜಾರಿ ಹರಡುತ್ತದೆ, ಈ ಗುಳ್ಳೆ ಗುಂಡಗೆ ಹಾಗೇ ನಿಲ್ಲುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ ನಿಜ, ಆದರೂ ಗೊತ್ತಿದ್ದೂ ಮನೆಗೆ ತರುವುದು ಯಾಕೆ? ಹುಳಿ ವಾಸನೆ, ಹಸಿರು ಛಾಯೆ, ಮುಟ್ಟಿದರೆ ಲೋಳೆ ಇದ್ದರೂ ಬೇಡ.

ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಂಸವನ್ನು ಬೈಕಿಗೆ ತೂಗುಹಾಕಿಕೊಂಡು ಇನ್ನೆರಡು ಕಡೆ ಕೆಲಸ ಮುಗಿಸಿ ಬರುವ ಅಭ್ಯಾಸ ಬಿಡಿ. 32 ಡಿಗ್ರಿ ಮೇಲಿನ ಸೆಕೆಯಲ್ಲಿ ಹಸಿ ಮಾಂಸ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು.

## ಹಂತ 2: ಪೊರೆ ಸುಲಿಯುವುದು

ಪಕ್ಕೆಯನ್ನು ಬೋರಲು ಹಾಕಿ, ಎಲುಬಿನ ಒಳಬದಿ ಮೇಲೆ ಬರಲಿ. ಅಲ್ಲಿ ಬಿಳಿ ಪ್ಲಾಸ್ಟಿಕ್ ಹಾಳೆ ಹಾಗೆ ಹೊಳೆಯುವ ತೆಳ್ಳನೆ ಪೊರೆ ಇರುತ್ತದೆ. ಎಷ್ಟೇ ಹೊತ್ತು ಇಟ್ಟರೂ ಅದು ಮೆತ್ತಗಾಗುವುದಿಲ್ಲ. ಉಪ್ಪು ಖಾರವನ್ನೂ ಒಳಗೆ ಬಿಡುವುದಿಲ್ಲ. ತಿನ್ನುವಾಗ ಹಲ್ಲಿಗೆ ನಾರು ನಾರಾಗಿ ಸಿಗುವುದು ಇದೇ.

ಒಂದು ತುದಿಯ ಎರಡನೇ ಎಲುಬಿನ ಮೇಲೆ ಚಮಚದ ಹಿಡಿಯನ್ನು ಪೊರೆಯ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿ. ಬೆರಳು ಹೋಗುವಷ್ಟು ಜಾಗ ಆದ ಮೇಲೆ ಒಣ ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಜಾರುತ್ತದೆ. ಒಮ್ಮೊಮ್ಮೆ ಒಂದೇ ಎಳೆತಕ್ಕೆ ಪರ್ರ್ ಅಂತ ಪೂರ್ತಿ ಬರುತ್ತದೆ, ಒಮ್ಮೊಮ್ಮೆ ಮೂರು ಚೂರಾಗುತ್ತದೆ. ಎರಡೂ ಸರಿಯೇ. ಚಾಕು ಹಾಕಿ ಕೆರೆಯಲು ಹೋಗಬೇಡಿ. ಎಲುಬುಗಳ ನಡುವಿನ ಮಾಂಸ ಸೀಳಿದರೆ ಬೇಯುವಾಗ ಪಕ್ಕೆ ಬಿಚ್ಚಿಕೊಳ್ಳುತ್ತದೆ.

ಮೇಲ್ಬದಿಯ ನೆಣ ಕಾಲಿಂಚು ಉಳಿಸಿ ಮಿಕ್ಕದ್ದು ತೆಗೆಯಿರಿ. ಪೂರ್ತಿ ತೆಗೆದರೆ ಮಾಂಸ ಒಣಗುತ್ತದೆ, ಪೂರ್ತಿ ಬಿಟ್ಟರೆ ಕೆಂಡಕ್ಕೆ ಸುರಿದು ಬೆಂಕಿ ಏಳುತ್ತದೆ. ನೀರಿನಲ್ಲಿ ತೊಳೆದಿದ್ದರೆ ಬಟ್ಟೆಯಿಂದ ಒತ್ತಿ ಒರೆಸಿ. ಒದ್ದೆ ಮಾಂಸಕ್ಕೆ ಮಸಾಲೆ ಹಿಡಿಯುವುದಿಲ್ಲ.

## ಹಂತ 3: ಒಣ ಮಸಾಲೆ, ಸಿಹಿ ಇಲ್ಲದ್ದು

ಉಪ್ಪು ಮೂರು ಟೀ ಚಮಚ, ಮಟ್ಟಸವಾಗಿ. ಬ್ಯಾಡಗಿ ಖಾರದಪುಡಿ ಎರಡು ಊಟದ ಚಮಚ. ಕಾಳುಮೆಣಸಿನ ಪುಡಿ ಎರಡು ಟೀ ಚಮಚ. ಹುರಿದು ಕುಟ್ಟಿದ ಧನಿಯಾ ಒಂದು ಊಟದ ಚಮಚ, ಜೀರಿಗೆ ಒಂದು ಟೀ ಚಮಚ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎರಡು ಊಟದ ಚಮಚ, ಎಣ್ಣೆ ಒಂದು ಚಮಚ.

ಮೊದಲು ಉಪ್ಪು ಮಾತ್ರ ಎರಡೂ ಬದಿ ಸವರಿ ಹತ್ತು ನಿಮಿಷ ಬಿಡಿ. ಆಮೇಲೆ ಉಳಿದದ್ದನ್ನು ಕಲಸಿ ತೆಳ್ಳಗೆ ಉಜ್ಜಿ. ಪೇಸ್ಟ್ ದಪ್ಪಗೆ ಮೆತ್ತಿಕೊಂಡಿದ್ದರೆ ಅದೇ ಮೊದಲು ಸೀಯುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ.

ಇಲ್ಲಿ ಜನ ಮಾಡುವ ತಪ್ಪು ಎರಡು. ಒಂದು, "ಸ್ವಲ್ಪ ಬೆಲ್ಲ ಈಗಲೇ ಹಾಕಿದರೆ ಹಿಡಿಯುತ್ತೆ" ಅನ್ನುವುದು. ಹಿಡಿಯುತ್ತದೆ, ಆಮೇಲೆ ಸುಡುತ್ತದೆ. ಇನ್ನೊಂದು, ಚಿಕನ್ ಮಾಡಿದ ಅಭ್ಯಾಸದಲ್ಲಿ ನಿಂಬೆರಸ, ಮೊಸರು ಹಾಕಿ ರಾತ್ರಿಯಿಡೀ ನೆನೆಸುವುದು. ಹುಳಿಗೆ ಮೇಲ್ಪದರ ಹಿಟ್ಟಾಗುತ್ತದೆ, ಒಳಗಿನ ಗಟ್ಟಿತನ ಹಾಗೇ ಇರುತ್ತದೆ. ಹುಳಿ ಪಾಕದಲ್ಲಿ ಬರುತ್ತದೆ, ಅವಸರ ಬೇಡ.

## ಹಂತ 4: ಬೆಲ್ಲ-ಹುಣಸೆ ಪಾಕ

ಇದನ್ನು ಬೆಂಕಿ ಹಚ್ಚುವ ಮೊದಲೇ ಮಾಡಿಟ್ಟುಕೊಳ್ಳಿ, ಹಿಂದಿನ ದಿನ ಆದರೂ ಸರಿ. ಗ್ರಿಲ್ ಒಂದು ಕಡೆ, ಒಲೆ ಒಂದು ಕಡೆ ಅಂತ ಓಡಾಡಿದರೆ ಎರಡರಲ್ಲಿ ಒಂದು ಸೀಯುತ್ತದೆ.

ಬೇಕಾದ್ದು: ಬೆಲ್ಲ 200 ಗ್ರಾಂ, ಬೀಜ ತೆಗೆದ ಹುಣಸೆಹಣ್ಣು 60 ಗ್ರಾಂ, ಬಿಸಿನೀರು ಒಂದೂವರೆ ಲೋಟ, ಬ್ಯಾಡಗಿ ಮೆಣಸಿನಕಾಯಿ ಆರು, ಬೆಳ್ಳುಳ್ಳಿ ಹತ್ತು ಎಸಳು, ಒಂದಿಂಚು ಶುಂಠಿ, ಅರ್ಧ ಟೀ ಚಮಚ ಜೀರಿಗೆ, ಒಂದು ಟೀ ಚಮಚ ಉಪ್ಪು, ಒಂದು ಊಟದ ಚಮಚ ಎಣ್ಣೆ.

ಹುಣಸೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ. ಹೊಸ ಹುಣಸೆಗೆ ಹುಳಿ ಚುರುಕು, ಬಣ್ಣ ತೆಳು. ಕರ್ರಗಾದ ಹಳೇ ಹುಣಸೆ ಈ ಪಾಕಕ್ಕೆ ಒಳ್ಳೆಯದು. ಬೆಲ್ಲವನ್ನು ಉಳಿದ ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸೋಸಿ. ಯಾವ ಬೆಲ್ಲವೇ ಇರಲಿ, ಸೋಸದೆ ಬಿಡಬೇಡಿ. ಒಂದು ಕಲ್ಲು ಸಾಕು ಊಟ ಹಾಳಾಗಲು. ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ ಜೊತೆ ನುಣ್ಣಗೆ ರುಬ್ಬಿ. ಡಬ್ಬಿ ಅನ್ನುವ ಜಾತಿಯ ಬ್ಯಾಡಗಿ ಸಿಕ್ಕರೆ ಬಣ್ಣ ಇನ್ನೂ ಚೆನ್ನ. ಖಾರ ಬೇಕೆನ್ನುವವರು ಎರಡು ಗುಂಟೂರು ಸೇರಿಸಿ.

ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ರುಬ್ಬಿದ್ದನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಹುಣಸೆ ರಸ ಹಾಕಿ ಐದು ನಿಮಿಷ ಕುದಿಸಿ. ಹುಣಸೆಯ ಹಸಿತನ ಹೋದ ಮೇಲೇ ಬೆಲ್ಲದ ನೀರು ಮತ್ತು ಉಪ್ಪು. ಆಮೇಲೆ ಸಣ್ಣ ಉರಿ, ಹದಿನೈದು ನಿಮಿಷದ ಹತ್ತಿರ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಹುಳಿ ಪದಾರ್ಥ, ಹಾಗಾಗಿ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಾಗಲಿ ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ ಮಾಡಬೇಡಿ.

ಯಾವಾಗ ಇಳಿಸಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು. ಬೆರಳುಗಳ ನಡುವೆ ಎಳೆದರೆ ಒಂದೆಳೆ ಬರುವ ಮೊದಲೇ ಒಲೆ ಆರಿಸಿ. ಚಮಚದ ಹಿಂಬದಿಗೆ ಹತ್ತಿಕೊಂಡಿರಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಒಲೆಯ ಮೇಲೆ "ಇನ್ನೂ ನೀರಾಗಿದೆಯಲ್ಲ" ಅನ್ನಿಸುತ್ತದೆ, ಸುಮ್ನೆ ಇಳಿಸಿ. ಆರಿದ ಮೇಲೆ ಗಟ್ಟಿಯಾಗುತ್ತದೆ, ಗ್ರಿಲ್ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಒಂದೆಳೆ ದಾಟಿಸಿಬಿಟ್ಟರೆ ಮಾಂಸದ ಮೇಲೆ ಕಂಬರ್‌ಕಟ್ಟಾಗಿ ಕೂತು ಹಲ್ಲಿಗೆ ಅಂಟುತ್ತದೆ. ಹಾಗಾದರೆ ಎರಡು ಚಮಚ ಬಿಸಿನೀರು ಹಾಕಿ ಒಂದು ಕುದಿ ತನ್ನಿ, ಸರಿಹೋಗುತ್ತದೆ.

ರುಚಿ ನೋಡುವಾಗ ನಾಲಿಗೆಗೆ ಹುಳಿ ಒಂದು ಹಿಡಿ ಮುಂದೆ ಇರಲಿ. ನೆಣದ ಜೊತೆ ತಿನ್ನುವಾಗ ಹುಳಿ ತಗ್ಗುತ್ತದೆ. ಬರೀ ಪಾಕವೇ ಹದವಾಗಿದೆ ಅನ್ನಿಸಿದರೆ ಮಾಂಸದ ಮೇಲೆ ಬರೀ ಸಿಹಿ ಅನ್ನಿಸುತ್ತದೆ. ಕೊಡಗಿನ ಕಡೆಯ ನೆಂಟರಿದ್ದು ಕಾಚಂಪುಳಿ (ಅಲ್ಲಿನ ಕಪ್ಪನೆ, ಗಟ್ಟಿ ಹುಳಿರಸ) ಸಿಕ್ಕರೆ ಹುಣಸೆ ಅರ್ಧಕ್ಕಿಳಿಸಿ, ಕೊನೆಯಲ್ಲಿ ಒಂದು ಟೀ ಚಮಚ ಹಾಕಿ ನೋಡಿ.

ಆರಿದ ಪಾಕದಲ್ಲಿ ಮೂರನೇ ಒಂದು ಭಾಗ ಬೇರೆ ಬಟ್ಟಲಿಗೆ ತೆಗೆದಿಡಿ. ಅದು ತಟ್ಟೆಗೆ ಹಾಕಿಕೊಳ್ಳಲು. ಗ್ರಿಲ್ ಹತ್ತಿರದ ಬ್ರಷ್ ಅದಕ್ಕೆ ಸೋಕಬಾರದು.

## ಹಂತ 5: ಬೆಂಕಿ

ಜಾಲಿ ಇದ್ದಿಲು ನಮ್ಮ ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ. ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಎಲ್ಲಿ ತರುತ್ತಾರೆ ಅಂತ ಹೇಳುತ್ತಾರೆ. ಕಾವು ಜೋರು, ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಶುರುವಿನಲ್ಲಿ ಕಿಡಿ ಸಿಡಿಯುತ್ತದೆ. ನೈಲಾನ್ ಅಂಗಿ ಹಾಕಿಕೊಂಡು ಹತ್ತಿರ ನಿಲ್ಲಬೇಡಿ. ಮುಷ್ಟಿ ಗಾತ್ರದ ತುಂಡು ಆರಿಸಿಕೊಳ್ಳಿ. ಚೀಲದ ತಳದ ಪುಡಿ ಗಾಳಿಗೆ ದಾರಿ ಕಟ್ಟುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಜೋರಾಗಿ ಹೊತ್ತಿ ಬೇಗ ಮುಗಿಯುತ್ತದೆ. ಅದು ಹೊತ್ತಿಸಲು ಸರಿ, ಮೂರು ಗಂಟೆಗೆ ನೆಚ್ಚಿಕೊಳ್ಳಲು ಅಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಲೇಬೇಡಿ. ವಾಸನೆ ಮಾಂಸಕ್ಕೆ ಹೋಗುತ್ತದೆ, ಪೆಟ್ರೋಲಂತೂ ಕೈಮುಖ ಸುಡುತ್ತದೆ. ಖಾಲಿ 15 ಲೀಟರ್ ಎಣ್ಣೆ ಡಬ್ಬದ ಮೇಲಿನ ತುದಿ ಮಾತ್ರ ಕತ್ತರಿಸಿ, ತಳಕ್ಕೂ ಕೆಳಗಿನ ಅಂಚಿನ ಸುತ್ತಲೂ ತೂತು ಹೊಡೆಯಿರಿ. ಕೆಳಗೆ ಎರಡು ಇಟ್ಟಿಗೆ, ನಡುವೆ ತೆಂಗಿನ ನಾರು ಮತ್ತು ಪೇಪರ್, ಡಬ್ಬದೊಳಗೆ ಒಂದು ಕೆಜಿ ಇದ್ದಿಲು. ಕಡ್ಡಿ ಗೀರಿದರೆ ಇಪ್ಪತ್ತು ನಿಮಿಷದಲ್ಲಿ ಮೇಲಿನ ತುಂಡಿಗೂ ಬೂದಿ ಹತ್ತಿರುತ್ತದೆ. ಅಲ್ಲಿಯವರೆಗೆ ಮಾಂಸ ಹೊರಗೆ ತರಬೇಡಿ. ದಪ್ಪ ಕೈಗವಸು ಹಾಕಿಕೊಂಡು, ಇಕ್ಕಳದಲ್ಲಿ ಡಬ್ಬ ಎತ್ತಿ ಕೆಂಡ ಸುರಿಯಿರಿ.

ಕೆಂಡವೆಲ್ಲ ಡ್ರಮ್ಮಿನ ಒಂದೇ ಬದಿಗೆ, ಗಾಳಿಕಿಂಡಿಯ ಕಡೆಗೆ ತಳ್ಳಿ. ಇನ್ನೊಂದು ಬದಿ ಖಾಲಿ. ಖಾಲಿ ಬದಿಯಲ್ಲಿ ಸ್ಟೀಲ್ ತಟ್ಟೆ ಇಟ್ಟು ನೀರು ಹಾಕಿ. ಮಾಂಸ ಬರುವುದು ಆ ತಟ್ಟೆಯ ಮೇಲೆ, ಕೆಂಡದ ಮೇಲೆ ಅಲ್ಲ. ಸುರಿಯುವ ನೆಣ ನೀರಿಗೆ ಬೀಳುತ್ತದೆ, ಬೆಂಕಿ ಏಳುವುದಿಲ್ಲ.

ಹೊಗೆಗೆ ಒಣಗಿದ ಸೀಬೆ ಅಥವಾ ಮಾವಿನ ಕಟ್ಟಿಗೆ ಎರಡು ತುಂಡು ಸಾಕು. ಬೇವು ಕಹಿ, ನೀಲಗಿರಿ ಔಷಧಿ ವಾಸನೆ. ಕಣಗಿಲೆ ಕಡ್ಡಿ ವಿಷ, ಮಾಂಸಕ್ಕೆ ಚುಚ್ಚಲೂ ಬಳಸಬೇಡಿ. ಪ್ಲೈವುಡ್, ಪೇಂಟ್ ಬಳಿದ ಹಲಗೆ ಬೇಡವೇ ಬೇಡ.

ಮುಚ್ಚಳ ಹಾಕಿ ಹತ್ತು ನಿಮಿಷ ಬಿಟ್ಟು, ತಟ್ಟೆಯ ಮೇಲಿನ ಜಾಲರಿಯ ಎತ್ತರಕ್ಕೆ ಅಂಗೈ ಹಿಡಿದು ಎಣಿಸಿ. ಎಂಟರಿಂದ ಹತ್ತು ಸೆಕೆಂಡ್ ತಡೆಯಲಾದರೆ ಸುಮಾರು 130 ಡಿಗ್ರಿ, ಅದೇ ಬೇಕಾದ್ದು. ಐದಕ್ಕೇ ಕೈ ಎಳೆದುಕೊಂಡರೆ ಕಾವು ಜಾಸ್ತಿ, ಕೆಳಗಿನ ಕಿಂಡಿ ಅರ್ಧ ಮುಚ್ಚಿ. ಮೇಲಿನ ಹೊಗೆಕಿಂಡಿಯನ್ನು ಪೂರ್ತಿ ಮುಚ್ಚಬೇಡಿ, ಹೊಗೆ ಒಳಗೇ ಕೊಳೆತು ಮಾಂಸ ಕಹಿಯಾಗುತ್ತದೆ.

ಗಾಳಿಯ ವಿಚಾರ ಬೇರೆಯಾಗಿ ಹೇಳಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ತಾರಸಿಯ ಮೇಲೆ ಕೆಂಡ ಕೆಂಪಗೆ ಉರಿದು ಅರ್ಧ ಗಂಟೆಯಲ್ಲಿ ಬೂದಿಯಾಗುತ್ತದೆ. ಗಾಳಿಕಿಂಡಿ ಗಾಳಿಗೆ ಎದುರಾಗಿ ಇರದಂತೆ ಡ್ರಮ್ ತಿರುಗಿಸಿ, ಪಕ್ಕಕ್ಕೆ ತಗಡು ಅಡ್ಡ ಇಡಿ. ಪಕ್ಕದ ಮನೆಯವರು ಮಾಂಸ ತಿನ್ನದವರಾದರೆ ಹೊಗೆ ಯಾವ ಕಡೆ ಹೋಗುತ್ತಿದೆ ಅಂತಲೂ ನೋಡಿಕೊಳ್ಳಿ. ಮೊದಲೇ ಒಂದು ಮಾತು ಹೇಳಿದ್ದರೆ ಜಗಳ ಇಲ್ಲ. ತಾರಸಿಯ ಮೇಲೆ ಕಡಪ ಕಲ್ಲು ಹಾಸಿದ್ದರೆ ಡಬ್ಬದ ಕೆಳಗೆ ಮರಳು, ಇಟ್ಟಿಗೆ ಹಾಕಿ. ನೇರ ಕಾವಿಗೆ ಕಲ್ಲು ಸಿಡಿಯಬಹುದು.

## ಹಂತ 6: ಬೇಯಿಸುವ ಮೂರು ಗಂಟೆ

ದೋಸೆ ಹೆಂಚಿಗೆ ಉಜ್ಜುವ ಹಾಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಜಾಲರಿಗೆ ಉಜ್ಜಿ. ಬೆಣ್ಣೆ ದೋಸೆಯ ಊರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಕ್ಕೆಯನ್ನು ಎಲುಬಿನ ಬದಿ ಕೆಳಗೆ ಬರುವಂತೆ ತಟ್ಟೆಯ ಮೇಲಿನ ಭಾಗದಲ್ಲಿ ಇಟ್ಟು ಮುಚ್ಚಿ.

ಈಗ ಕೈ ಕಟ್ಟಿಕೊಂಡು ಕೂರಬೇಕು. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಕಾವು ಇಳಿದು ಹತ್ತು ನಿಮಿಷ ಹಿಂದಕ್ಕೆ ಹೋಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ತೆಗೆಯಿರಿ. ಪಕ್ಕೆಯ ಯಾವ ತುದಿ ಕೆಂಡದ ಕಡೆ ಇತ್ತೋ ಅದನ್ನು ಆಚೆಗೆ ತಿರುಗಿಸಿ, ಎಂಟು ಹತ್ತು ತುಂಡು ಇದ್ದಿಲು ಸೇರಿಸಿ, ತಟ್ಟೆಯಲ್ಲಿ ನೀರು ಇದೆಯಾ ನೋಡಿ, ಮುಚ್ಚಿ.

ಹೊಗೆಯ ಮೇಲೆ ಕಣ್ಣಿರಲಿ. ತೆಳ್ಳಗೆ, ಕಂಡೂ ಕಾಣದ ಹಾಗೆ ನೀಲಿ ಹೊಗೆ ಬರುತ್ತಿದ್ದರೆ ಎಲ್ಲ ಸರಿ. ದಟ್ಟ ಬಿಳಿ ಹೊಗೆ ಬುಸುಬುಸು ಬರುತ್ತಿದ್ದರೆ ಕೆಂಡಕ್ಕೆ ಗಾಳಿ ಸಾಲುತ್ತಿಲ್ಲ ಅಥವಾ ಕಟ್ಟಿಗೆ ಹಸಿ ಇದೆ. ಕೆಳಗಿನ ಕಿಂಡಿ ತೆರೆಯಿರಿ. ಒಳಗೆ ನೆಣ ಹೊತ್ತಿ ಉರಿದರೆ ನೀರು ಎರಚಬೇಡಿ, ಉರಿಯುವ ನೆಣ ಸಿಡಿದು ಮೈಗೆ ಹಾರುತ್ತದೆ. ಮುಚ್ಚಳ ಹಾಕಿ ಎರಡೂ ಕಿಂಡಿ ಮುಚ್ಚಿದರೆ ಒಂದೆರಡು ನಿಮಿಷದಲ್ಲಿ ತಣ್ಣಗಾಗುತ್ತದೆ. ಕೈಮೀರಿದರೆ ಮರಳು.

ಒಂದೂಮುಕ್ಕಾಲು ಗಂಟೆಯ ಹೊತ್ತಿಗೆ ಮೇಲ್ಮೈ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಉಗುರಿನಿಂದ ಕೆರೆದರೆ ಮಸಾಲೆ ಏಳಬಾರದು. ಎದ್ದರೆ ಇನ್ನೂ ಕಾಲು ಗಂಟೆ ಬಿಡಿ. ಆಮೇಲೆ ಬಾಡಿಸಿದ ಬಾಳೆಲೆಯಲ್ಲಿ ಪಕ್ಕೆ ಇಟ್ಟು, ಕಾಲು ಲೋಟ ನೀರು ಚಿಮುಕಿಸಿ ಸುತ್ತಿ, ಅದರ ಮೇಲೆ ಎರಡು ಪದರ ಫಾಯಿಲ್. ಬರೀ ಫಾಯಿಲ್ ಯಾಕೆ ಬೇಡ ಅಂದರೆ ಎಲುಬಿನ ತುದಿ ಚುಚ್ಚಿ ಹರಿಯುತ್ತದೆ, ನೀರೆಲ್ಲ ಸೋರಿಹೋಗುತ್ತದೆ. ಎಲೆಯ ವಾಸನೆಯೂ ಒಳ್ಳೆಯದೇ. ಹೀಗೆ ಒಂದು ಗಂಟೆ, ಅದೇ ಜಾಗದಲ್ಲಿ.

ಅಮೆರಿಕದ ವಿಡಿಯೋಗಳಲ್ಲಿ ಮೂರು ಗಂಟೆ ಹೊಗೆ, ಎರಡು ಗಂಟೆ ಸುತ್ತಿ, ಒಂದು ಗಂಟೆ ಸಾಸ್ ಅಂತ ಆರು ಗಂಟೆಯ ಲೆಕ್ಕ ಹೇಳುತ್ತಾರೆ. ಅದು ಅಲ್ಲಿನ ದೊಡ್ಡ ಪಕ್ಕೆಗೆ, ಸುಮಾರು 107 ಡಿಗ್ರಿಯ ಕಾವಿಗೆ. ನಮ್ಮಲ್ಲಿ ಸಿಗುವ ಚಿಕ್ಕ ಪಕ್ಕೆಗೆ ಅದನ್ನೇ ಮಾಡಿದರೆ ಎಲುಬು ಒಂದು ಕಡೆ, ಮಾಂಸ ಒಂದು ಕಡೆ.

## ಹಂತ 7: ಬೆಂದಿದೆಯಾ ನೋಡುವುದು

ಗಡಿಯಾರವನ್ನು ಪೂರ್ತಿ ನಂಬಬೇಡಿ. ಪೊಟ್ಟಣ ಬಿಚ್ಚುವಾಗ ಮುಖ ದೂರ ಇಡಿ, ಹಬೆ ಸುಡುತ್ತದೆ.

ಎಲುಬಿನ ತುದಿಯಿಂದ ಮಾಂಸ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಸರಿದಿರಬೇಕು. ಎರಡು ಎಲುಬುಗಳ ನಡುವೆ ಹಲ್ಲುಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಇಕ್ಕಳದಿಂದ ಒಂದು ತುದಿ ಹಿಡಿದು ಎತ್ತಿದರೆ ಪಕ್ಕೆ ಬಾಗಿ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಾಣಬೇಕು, ತುಂಡಾಗಿ ಬೀಳಬಾರದು.

ಥರ್ಮಾಮೀಟರ್ ಇದ್ದವರಿಗೆ ಒಂದು ಗೊಂದಲ. ಹಂದಿ ಮಾಂಸದ ಇಡೀ ತುಂಡು 63 ಡಿಗ್ರಿಗೆ ಬಂದು ಮೂರು ನಿಮಿಷ ಕಳೆದರೆ ತಿನ್ನಲು ಸುರಕ್ಷಿತ ಅಂತ ಓದಿರುತ್ತೀರಿ. ಸುರಕ್ಷಿತ ನಿಜ, ಆದರೆ ಪಕ್ಕೆ ಆ ಹೊತ್ತಿಗೆ ಟೈರಿನ ಹಾಗಿರುತ್ತದೆ. ಎಲುಬಿಗೆ ಅಂಟಿದ ಗಟ್ಟಿ ನಾರು ಕರಗಿ ಅಂಟಂಟಾಗಲು 90ರಿಂದ 95 ಡಿಗ್ರಿ ಬೇಕು. ಚುಚ್ಚುವಾಗ ತುದಿ ಎಲುಬಿಗೆ ತಾಗಬಾರದು, ತಪ್ಪು ಲೆಕ್ಕ ತೋರಿಸುತ್ತದೆ. ಇಷ್ಟು ಬೆಂದ ಮೇಲೂ ಎಲುಬಿನ ಪಕ್ಕ ನಸುಗೆಂಪು ಕಂಡರೆ ಹೆದರಬೇಡಿ. ಅದು ಹೊಗೆಯ ಮತ್ತು ಮಜ್ಜೆಯ ಬಣ್ಣ.

ಇನ್ನೂ ಬಿಗಿ ಇದ್ದರೆ ಮತ್ತೆ ಸುತ್ತಿ ಅರ್ಧ ಗಂಟೆ. ಇಲ್ಲಿ ಅವಸರಕ್ಕೆ ಪಾಕ ಸವರಿಬಿಟ್ಟರೆ ಹಿಂದೆ ಬರುವ ದಾರಿ ಇಲ್ಲ.

## ಹಂತ 8: ಪಾಕ ಸವರುವುದು

ಪಕ್ಕೆ ತಣ್ಣನೆಯ ಬದಿಯಲ್ಲೇ ಇರಲಿ. ಪಾಕವನ್ನು ಸ್ವಲ್ಪ ಬಿಸಿ ಮಾಡಿಕೊಳ್ಳಿ, ತಣ್ಣಗಿದ್ದರೆ ಮುದ್ದೆಯಾಗಿ ಕೂರುತ್ತದೆ. ಮೊದಲ ಕೋಟು ತೆಳ್ಳಗೆ, ಎರಡೂ ಬದಿ. ಮುಚ್ಚಿ ಆರು ನಿಮಿಷ. ತೆಗೆದಾಗ ಒದ್ದೆ ಹೊಳಪು ಹೋಗಿ ಮುಟ್ಟಿದರೆ ಬೆರಳಿಗೆ ಅಂಟಬೇಕು. ಎರಡನೆಯದು, ಮತ್ತೆ ಆರು ನಿಮಿಷ. ಮೂರನೆಯದು ಮೇಲ್ಬದಿಗೆ ಮಾತ್ರ. ಒಂದೇ ಸಲ ದಪ್ಪಗೆ ಸುರಿದರೆ ಅರ್ಧ ಜಾರಿ ತಟ್ಟೆಗೆ, ಅರ್ಧ ಹಸಿಯಾಗಿ ಮೇಲೆ.

ಅಂಚು ಸ್ವಲ್ಪ ಕರ್ರಗಾಗಬೇಕು ಅನ್ನುವವರು ಕೊನೆಗೆ ಪಕ್ಕೆಯನ್ನು ಕೆಂಡದ ಮೇಲಕ್ಕೆ ತನ್ನಿ, ಒಂದು ಬದಿಗೆ ಹೆಚ್ಚೆಂದರೆ 40 ಸೆಕೆಂಡ್. ಫೋನ್ ಜೇಬಿನಲ್ಲಿರಲಿ. ಪಾಕದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ, ಗುಳ್ಳೆಗಳ ಸುತ್ತ ಕಂದು ಉಂಗುರ ಕಟ್ಟುತ್ತದೆ, ಆಲೆಮನೆಯ ಹತ್ತಿರ ಬರುವ ವಾಸನೆ ಬರುತ್ತದೆ. ಆಗಲೇ ತಿರುಗಿಸಿ. ವಾಸನೆ ಮೂಗಿಗೆ ಘಾಟು ಅನ್ನಿಸಿತೋ, ಗುಳ್ಳೆ ನಿಂತು ಹೊಗೆ ಎದ್ದಿತೋ, ತಕ್ಷಣ ಎತ್ತಿ.

ಒಂದು ಜಾಗ ಸುಟ್ಟೇಹೋದರೆ ಅದರ ಮೇಲೆ ಇನ್ನಷ್ಟು ಪಾಕ ಸವರಿ ಮುಚ್ಚಿಡಲು ಹೋಗಬೇಡಿ, ಕಹಿ ಹೋಗುವುದಿಲ್ಲ. ಚಾಕುವಿನಿಂದ ಆ ಸಿಪ್ಪೆ ಮಾತ್ರ ಕೆರೆದು, ತೆಗೆದಿಟ್ಟ ಪಾಕ ಹಾಕಿಕೊಳ್ಳಿ.

## ಹಂತ 9: ಇಳಿಸಿ ಕತ್ತರಿಸುವುದು

ಹತ್ತು ನಿಮಿಷ ಹಾಗೇ ಬಿಡಿ, ಮುಚ್ಚಬೇಡಿ. ಮುಚ್ಚಿದರೆ ಹಬೆಗೆ ಪಾಕ ನೀರೊಡೆಯುತ್ತದೆ. ಎಲುಬಿನ ಬದಿ ಮೇಲೆ ಮಾಡಿ, ಎರಡು ಎಲುಬುಗಳ ನಡುವೆ ಒಂದೇ ಎಳೆತಕ್ಕೆ ಕತ್ತರಿಸಿ. ಹಸಿ ಮಾಂಸ ಇಟ್ಟಿದ್ದ ಮಣೆ, ತಟ್ಟೆ ಮತ್ತೆ ಬಳಸಬೇಡಿ. ಹಸಿ ಈರುಳ್ಳಿ, ನಿಂಬೆಹಣ್ಣು, ಜೋಳದ ರೊಟ್ಟಿ ಸಾಕು. ಮಂಡಕ್ಕಿಗೆ ತೆಗೆದಿಟ್ಟ ಪಾಕ ಎರಡು ಚಮಚ ಕಲಸಿಕೊಂಡರೆ ಪಕ್ಕಕ್ಕೆ ಅದೂ ಆಯ್ತು.

ರಾತ್ರಿ ಎಂಟಕ್ಕೆ ಊಟ ಅಂದುಕೊಂಡರೆ ಲೆಕ್ಕ ಹೀಗೆ: ಮೂರೂಮುಕ್ಕಾಲಿಗೆ ಇದ್ದಿಲು ಹೊತ್ತಿಸಿ, ನಾಲ್ಕೂವರೆಗೆ ಪಕ್ಕೆ ಮೇಲೆ. ಆರೂಕಾಲಿಗೆ ಬಾಳೆಲೆ, ಏಳೂಕಾಲಿಗೆ ಬಿಚ್ಚಿ ಪಾಕ. ಏಳೂಮುಕ್ಕಾಲಿಗೆ ಇಳಿಸಿ. ನೆಂಟರಿಗೆ ಎಂಟೂವರೆ ಅಂತ ಹೇಳಿ, ಆ ಅರ್ಧ ಗಂಟೆ ಬೇಕಾಗುತ್ತದೆ.

## ಮಳೆ ಬಂದರೆ

ಮಾಂಸಕ್ಕೆ ಮಸಾಲೆ ಹಚ್ಚಿ ಆಗಿದೆ, ತಾರಸಿಯಲ್ಲಿ ಮಳೆ ಶುರುವಾಯ್ತು. ಗ್ರಿಲ್ಲನ್ನು ಒಳಗೆ, ಕಾರ್ ಶೆಡ್ಡಿಗೆ, ಮುಚ್ಚಿದ ವರಾಂಡಕ್ಕೆ ತರಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಪಕ್ಕೆಯನ್ನು ಎರಡು ತುಂಡು ಮಾಡಿ ಬಾಳೆಲೆ, ಫಾಯಿಲ್‌ನಲ್ಲಿ ಸುತ್ತಿ ದೊಡ್ಡ ಇಡ್ಲಿ ಪಾತ್ರೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಹಬೆಯಲ್ಲಿ ಬೇಯಿಸಿ. ನೀರು ಆರದಂತೆ ನೋಡಿಕೊಳ್ಳಿ. ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಬೇಗ ಆಗುತ್ತದೆ, ಆದರೆ ಹದ ಕೈಗೆ ಸಿಗುವುದಿಲ್ಲ. ಮಾಂಸ ಬಿರಿದು ಸಾರಿನ ತುಂಡಾಗುತ್ತದೆ. ಹಬೆಯಲ್ಲಿ ಬೆಂದದ್ದನ್ನು ಆರಿಸಿ, ಒರೆಸಿ, ಓವನ್ ಇದ್ದರೆ 200 ಡಿಗ್ರಿಯಲ್ಲಿ ಪಾಕ ಸವರುತ್ತಾ ಹದಿನೈದು ನಿಮಿಷ. ಇಲ್ಲದಿದ್ದರೆ ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ. ಹೊಗೆಯ ರುಚಿ ಇರುವುದಿಲ್ಲ, ಉಳಿದದ್ದೆಲ್ಲ ಇರುತ್ತದೆ.

## ಬೆಂಕಿ ಆರಿಸುವುದು

ಊಟದ ಗಡಿಬಿಡಿಯಲ್ಲಿ ಡ್ರಮ್ ಮರೆತುಹೋಗುತ್ತದೆ. ಎರಡೂ ಕಿಂಡಿ ಮುಚ್ಚಿ, ಮುಚ್ಚಳ ಹಾಕಿ. ಗಾಳಿ ಸಿಗದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೂ ಬರುತ್ತದೆ. ಜಾಲರಿ ಬೆಚ್ಚಗಿರುವಾಗಲೇ ತಿಕ್ಕಿ, ಪಾಕ ತಣ್ಣಗಾದ ಮೇಲೆ ಕಲ್ಲಿನ ಹಾಗೆ ಕೂರುತ್ತದೆ. ತಟ್ಟೆಯ ನೆಣ ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಪೇಪರಿನಲ್ಲಿ ಕಟ್ಟಿ ಹಾಕಿ. ಮಿಕ್ಕ ಮಾಂಸ ಎರಡು ಗಂಟೆಯೊಳಗೆ, ಬೇಸಿಗೆಯಲ್ಲಾದರೆ ಒಂದೇ ಗಂಟೆಯೊಳಗೆ ಫ್ರಿಜ್ಜಿಗೆ. ಮೇಲೆ ತಣ್ಣಗೆ ಕಾಣುವ ಬೂದಿಯ ಒಳಗೆ ಮರುದಿನ ಬೆಳಿಗ್ಗೆಯೂ ಕೆಂಡ ಇರಬಹುದು, ಹಾಗಾಗಿ ಅದನ್ನು ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕುವ ಮೊದಲು ನೀರು ಹಾಕಿ ಕಲಕಿ ನೋಡಿ.